ಪರದೆಯಿಲ್ಲದ ಪೆಟ್ಟಿಗೆ

ಹೊಲಿಗೆ ಯಂತ್ರ ರಿಪೇರಿ ಮಾಡುವ ಅಣ್ಣನಿಗೆ ಜಂಬ ಪಡಲು ಜಗತ್ತಿನಲ್ಲಿ ಎರಡೇ ಕಾರಣಗಳಿದ್ದವು: ಒಂದು ಅವನ ತಂಗಿ, ಇನ್ನೊಂದು ಅವಳಿಗೆಂದು ಅವನೇ ಕೈಯಾರೆ ಕಟ್ಟಿದ ಕಂಪ್ಯೂಟರ್. ನಿಜ ಹೇಳಬೇಕೆಂದರೆ, ಕಂಪ್ಯೂಟರ್ ಕೂದಲೆಳೆಯಷ್ಟು ಮುಂದಿತ್ತು.

ತಂಗಿಗೆ ಹುಟ್ಟಿನಿಂದ ಕಣ್ಣು ಕಾಣದು. ಹಾಗಾಗಿ ಕಂಪ್ಯೂಟರಿಗೆ ಪರದೆಯೇ ಇರಲಿಲ್ಲ. ಹೊಲಿಗೆ ಯಂತ್ರದ ಹಳೆಯ ಮರದ ಪೆಟ್ಟಿಗೆಯೊಳಗೆ ಅದರ ಕರುಳನ್ನೆಲ್ಲ ತುಂಬಿದ್ದ. ಕೀಬೋರ್ಡಿನ ಬದಲು ಟೈಪ್‌ರೈಟರಿನಿಂದ ಕಿತ್ತ ಗುಂಡಿಗಳು: ಬ್ರೈಲಿನ ಆರು ಚುಕ್ಕೆಗೆ ಆರು, ಪದಗಳ ನಡುವೆ ಜಾಗ ಬಿಡಲು ಉದ್ದನೆಯದೊಂದು. ಏನು ಬರೆದರೂ, ಏನು ಕೆಟ್ಟರೂ ಪೆಟ್ಟಿಗೆ ಬಾಯಿಬಿಟ್ಟು ಹೇಳುತ್ತಿತ್ತು. ಜನ ಮಾತಾಡುವಷ್ಟೇ ಬೇಗ ತಂಗಿ ಟೈಪ್ ಮಾಡುತ್ತಾಳೆಂದು ಅಣ್ಣ ಬೀದಿಯಿಡೀ ಕೊಚ್ಚಿಕೊಂಡಿದ್ದ. ಕೇಳುವವರಿದ್ದಾರೋ ಇಲ್ಲವೋ ಎಂಬುದು ಅವನಿಗೆ ಮುಖ್ಯವಾಗಿರಲಿಲ್ಲ.

ಇವತ್ತು ಅದನ್ನು ತೋರಿಸಬೇಕಿತ್ತು. ಸಭೆ, ವಿಚಾರಣೆಗಳ ಧ್ವನಿಮುದ್ರಣ ಕೇಳಿ ಟೈಪ್ ಮಾಡಿಕೊಡುವ ಕಚೇರಿಯಲ್ಲಿ ತಂಗಿ ಇಷ್ಟು ವರ್ಷ ಫೋನ್ ಎತ್ತುವ ಕೆಲಸ ಮಾಡಿದ್ದಳು. ಊಟದ ಹೊತ್ತಿನೊಳಗೆ ಒಂದು ಧ್ವನಿಮುದ್ರಣವನ್ನು ತಪ್ಪಿಲ್ಲದೆ ಮುಗಿಸಿದರೆ ಟೈಪಿಸ್ಟ್ ಕುರ್ಚಿ ಅವಳದು. ಇಲ್ಲವಾದರೆ ಮತ್ತೆ ಅದೇ ಫೋನು.

ಪೆಟ್ಟಿಗೆಯನ್ನು ಕಚೇರಿಗೆ ಹೊತ್ತು ತಂದಿದ್ದ ಅಣ್ಣ ಎದೆಯುಬ್ಬಿಸಿ ಸ್ವಿಚ್ ಒತ್ತಿದ. ಪೆಟ್ಟಿಗೆ ಗುಂಯ್ ಎಂದಿತು. ಮಾತಾಡಲಿಲ್ಲ.

ಕಚೇರಿಯ ಕಂಪ್ಯೂಟರುಗಳನ್ನು ನೋಡಿಕೊಳ್ಳುವಾತ ಒಳ್ಳೆಯ ಮನುಷ್ಯ. ಪರದೆಯಿಲ್ಲದ ಪೆಟ್ಟಿಗೆ ಕಂಡು ಅಯ್ಯೋ ಪಾಪ ಅನಿಸಿ, ಯಾರೂ ಕೇಳದಿದ್ದರೂ ಹೊಸ ಪರದೆಯೊಂದನ್ನು ತಂದು ಸಿಕ್ಕಿಸಿದ್ದ. ಈಗ ಅದರ ಮೇಲೆ ಕೆಂಪಗೆ ಮೂಡಿತ್ತು: 'ಗುರುತು ಸಿಗದ ಸಾಧನ.'

"ನೋಡಿ, ಈ ಗುಂಡಿಗಳದ್ದೇ ತಕರಾರು," ಎಂದ. "ಮಾಮೂಲಿ ಕೀಬೋರ್ಡ್ ಹಾಕ್ಬಿಡೋಣ."

ಅಣ್ಣನ ಮುಖ ಹರಳೆಣ್ಣೆ ಕುಡಿದಂತಾಯಿತು. ಗುಂಡಿಗಳ ತಳ ಬಿಚ್ಚಿದ, ತಂತಿ ಒರೆಸಿದ, ಮತ್ತೆ ಸಿಕ್ಕಿಸಿ ಸ್ವಿಚ್ ಒತ್ತಿದ. ಅದೇ ಕೆಂಪು ಸಾಲು.

ಮ್ಯಾನೇಜರಮ್ಮ ಗಡಿಯಾರ ನೋಡಿದರು. "ಬೇಜಾರು ಮಾಡ್ಕೋಬೇಡಮ್ಮ. ಫೋನ್ ಕೆಲಸ ಅಂತೂ ಇದ್ದೇ ಇದೆಯಲ್ಲ."

"ನಾನೇ ಎಡವಟ್ಟು ಮಾಡಿದೆ ಪುಟ್ಟಿ," ಎಂದ ಅಣ್ಣ.

"ಸ್ವಲ್ಪ ಸುಮ್ನಿರಣ್ಣ. ಎಲ್ರೂ ಸುಮ್ನಿರಿ," ಎಂದಳು ತಂಗಿ. ಪೆಟ್ಟಿಗೆಯ ಮೇಲೆ ಅಂಗೈಯಿಟ್ಟು, ಕಿವಿ ಹಚ್ಚಿ, ಒಂದು ಗುಂಡಿ ಒತ್ತಿದಳು. ಇನ್ನೊಂದು ಒತ್ತಿದಳು. "ಒತ್ತಿದಾಗೆಲ್ಲ ಒಳಗೆ ಕಿರ್ ಅಂತಿದೆ. ನನ್ನ ಮಾತು ಕೇಳಿಸ್ಕೊಳ್ತಿದೆ ಅದು. ಸ್ಕ್ರೀನಲ್ಲಿ ಏನಂತ ಬಂದಿದೆ?"

ಅಣ್ಣ ಓದಿ ಹೇಳಿದ. ತಂಗಿ ನಕ್ಕೇಬಿಟ್ಟಳು.

"ಅಷ್ಟೇನಾ? ಅದನ್ನ ದಿನಾ ಬೆಳಿಗ್ಗೆ ಹೇಳುತ್ತೆ. ನಾನು ದಿನಾ ಬಾಯಿ ಮುಚ್ಚಿಸ್ತೀನಿ. ಅದ್ರಿಂದ ಯಾವತ್ತೂ ಕೆಲ್ಸ ನಿಂತಿಲ್ಲ."

ಅಣ್ಣನಿಗೆ ಇದು ಗೊತ್ತೇ ಇರಲಿಲ್ಲ.

"ಮನೇಲಿ ಇಲ್ದೇ ಇರೋದು ಇಲ್ಲೇನಿದೆ? ಈ ಸ್ಕ್ರೀನ್ ಒಂದೇ. ಸರ್, ಇದರ ತಂತೀಲಿ ಧ್ವನಿನೂ ಹೋಗುತ್ತಾ?"

ಕಂಪ್ಯೂಟರಿನಾತ ಬಗ್ಗಿ ಪರದೆಯ ಹಿಂಬದಿ ನೋಡಿದ. "ಹೋಗುತ್ತೆ. ಧ್ವನಿಯೆಲ್ಲ ಪೆಟ್ಟಿಗೆ ಬಿಟ್ಟು ಇದಕ್ಕೇ ಬರುತ್ತೆ. ಆದ್ರೆ ಈ ಸ್ಕ್ರೀನಿಗೆ ಸ್ಪೀಕರೇ ಇಲ್ಲ... ಅಯ್ಯೋ, ನಂದೇ ತಪ್ಪು."

"ಹಾಗಾದ್ರೆ ಪಾಪ, ಆಗಿನಿಂದ ಗೋಡೆ ಹತ್ರ ಮಾತಾಡ್ತಿದೆ. ಕಿತ್ತುಹಾಕಿ ಅದನ್ನ."

ತಂತಿ ಕಿತ್ತದ್ದೇ ತಡ, "ಗುರುತು ಸಿಗದ ಸಾಧನ!" ಎಂದು ಪೆಟ್ಟಿಗೆ ಗಂಟಲು ಹರಿಯುವಂತೆ ಕೂಗಿತು. ಮ್ಯಾನೇಜರಮ್ಮ ಬೆಚ್ಚಿಬಿದ್ದರು. ತಂಗಿ ಒಂದೇ ಒತ್ತಿಗೆ ಅದರ ಬಾಯಿ ಮುಚ್ಚಿಸಿ, ಧ್ವನಿಮುದ್ರಣ ಹಾಕಿ ಕುಳಿತಳು.

ಗುಂಡಿಗಳ ಸದ್ದು ಹೊಲಿಗೆ ಯಂತ್ರದಂತೆ ಒಂದೇ ಸಮನೆ ಓಡಿತು. ಊಟದ ಗಂಟೆಗೆ ಮುಂಚೆಯೇ ನಿಂತಿತು. ಮ್ಯಾನೇಜರಮ್ಮ ಅಚ್ಚಾದ ಹಾಳೆ ಹಿಡಿದು, ಧ್ವನಿ ಕೇಳುತ್ತಾ ಪ್ರತಿ ಸಾಲು ತಾಳೆ ನೋಡಿದರು. ಕೊನೆಗೆ, ನಾಳೆಯಿಂದ ಫೋನಿಗೆ ಬೇರೆ ಯಾರನ್ನಾದರೂ ಹುಡುಕಬೇಕಲ್ಲ ಎಂದು ಗೊಣಗಿದರು. ಅಣ್ಣನಿಗೆ ಅಳು ಬಂತು, ಅದನ್ನು ಮುಚ್ಚಿಡಲು ಅವನು ಹೋಗಲಿಲ್ಲ. ಪೆಟ್ಟಿಗೆ ಕಟ್ಟಿದವನು ತಾನು, ನಿಜ. ಆದರೆ ಆ ಕಿವಿಯನ್ನು, ಆ ಧೈರ್ಯವನ್ನು ತಾನು ಕಟ್ಟಿದ್ದಲ್ಲ.

ಸಂಜೆ ಬೀದಿಯ ಚಪ್ಪಲಿ ಅಂಗಡಿಯವನು ಕೂಗಿ ಕೇಳಿದ, "ಏನಯ್ಯಾ, ನಿನ್ನ ಕಂಪ್ಯೂಟರ್ ಗೆದ್ದುಬಿಡ್ತಂತೆ?"

"ಕಂಪ್ಯೂಟರಾ? ಅದೊಂದು ಮರದ ಪೆಟ್ಟಿಗೆ ಕಣಯ್ಯಾ," ಎಂದ ಅಣ್ಣ. "ಗೆದ್ದಿದ್ದು ನನ್ನ ತಂಗಿ."