ಸೊಟ್ಟ ತುಟಿಯ ಹಳದಿ ಕಾರು

ಹೊಂಗೆಮರದ ಕೆಳಗೆ ಒಂದು ಹಳದಿ ಕಾರು ನಿಂತಿದೆ. ಅದರ ಮೂತಿಯ ಎಡಬದಿ ಜಾರಿ, ತುಟಿಯೊಂದು ಜೋತುಬಿದ್ದಂತಿದೆ. ಮೇಲಿನಿಂದ ಹೊಂಗೆಹೂವು ಉದುರುತ್ತಲೇ ಇದೆ. ಆ ಬೇಸಗೆಯನ್ನು ನೆನೆದಾಗಲೆಲ್ಲ ನನ್ನ ಕಣ್ಣಿಗೆ ಮೊದಲು ಕಟ್ಟುವುದು ಇದೇ ಚಿತ್ರ. ಅದೂ ಸ್ಪಷ್ಟವಾಗಿ ಅಲ್ಲ. ನೀರಿನೊಳಗಿನಿಂದ ನೋಡಿದ ಹಾಗೆ ಅಂಚುಗಳೆಲ್ಲ ಕದಡಿಕೊಂಡು, ಕಾರು ನೆಲ ಮುಟ್ಟದೆ ತೇಲುತ್ತಿರುವ ಹಾಗೆ ಕಾಣಿಸುತ್ತದೆ.

ಅದಕ್ಕೆ ಕಾರಣವಿದೆ. ಆಗ ನನ್ನ ಎಡಗಣ್ಣು ಮುಚ್ಚುತ್ತಿರಲಿಲ್ಲ. ಒಂದು ಬೆಳಿಗ್ಗೆ ಬಾಯಿ ಮುಕ್ಕಳಿಸಲು ಹೋದರೆ ನೀರು ತುಟಿಯ ಕೊನೆಯಿಂದ ಸೋರಿ ಸೀರೆಯ ಮೇಲೆ ಬಿತ್ತು. ಕನ್ನಡಿ ನೋಡಿದೆ. ಮುಖದ ಬಲಭಾಗ ನನ್ನದೇ ಆಗಿತ್ತು; ಎಡಭಾಗ ಯಾರದೋ. ಹುಬ್ಬು ಏಳಲಿಲ್ಲ, ಕೆನ್ನೆ ಇಳಿದಿತ್ತು, ತುಟಿ ಕೆಳಕ್ಕೆ ಜಾರಿತ್ತು. ಮುಖದ ನರ ಊದಿಕೊಂಡಿದೆ, ಹೆದರುವಂಥದ್ದೇನಿಲ್ಲ, ನಿಧಾನವಾಗಿ ಸರಿಹೋಗುತ್ತದೆ ಎಂದರು ಡಾಕ್ಟರು. "ಒಳಗೇ ಕೂರಬೇಡೀಮ್ಮಾ, ಓಡಾಡಿ, ನಾಲ್ಕು ಜನರ ಹತ್ರ ಮಾತಾಡಿ" ಎಂದೂ ಹೇಳಿದರು. ನಾನು ಮನೆಗೆ ಬಂದು ಕನ್ನಡಿಗೆ ಹಳೆಯ ಸೀರೆ ಹೊದಿಸಿ ಕೋಣೆ ಸೇರಿಬಿಟ್ಟೆ. ಒಣಗುವ ಕಣ್ಣಿಗೆ ಒದ್ದೆಬಟ್ಟೆ ಹಾಕಿಕೊಂಡು, ಕಿಟಕಿಯ ಪಕ್ಕದ ಮಂಚದಲ್ಲಿ ಮಲಗಿದರೆ ಹಗಲೂ ನಿದ್ದೆಯೂ ಒಂದರೊಳಗೊಂದು ಕಲೆಸಿಹೋಗುತ್ತಿದ್ದವು.

ನಾನು ಎಂಥವಳಾಗಿದ್ದೆ ಎಂದು ಹೇಳದಿದ್ದರೆ ಇದರ ಸಂಕಟ ತಿಳಿಯುವುದಿಲ್ಲ. ನಮ್ಮವರದು ಕಾರುಗಳ ಮೈ ರಿಪೇರಿ ಮಾಡುವ ಶೆಡ್ಡು. ಮನೆಯ ಮುಂದೆಯೇ, ರಸ್ತೆಗೆ ಮುಖ ಮಾಡಿ ಇತ್ತು. ಮೌನೇಶಾಚಾರ್ರು ಎಂದರೆ ಊರಿಗೆಲ್ಲ ಗೊತ್ತು. ಮದುವೆಯಾಗಿ ಬಂದ ಹೊಸದರಲ್ಲಿ ಊಟ ಕೊಡಲೆಂದು ಶೆಡ್ಡಿಗೆ ಹೋದವಳು ಅಲ್ಲೇ ಒಂದು ಸ್ಪ್ಯಾನರು ಎತ್ತಿಕೊಂಡೆ, ಮತ್ತೆ ಕೆಳಗಿಡಲಿಲ್ಲ. ನನ್ನ ಬಾಯಿಗೆ ಬೀಗವಿರಲಿಲ್ಲ. ಗಿರಾಕಿಗಳನ್ನು ಗದರಿಸುತ್ತಿದ್ದೆ, ರಸ್ತೆಯಲ್ಲಿ ಹೋಗುವವರನ್ನು ಕರೆದು ಮಾತಾಡಿಸುತ್ತಿದ್ದೆ. ಎಲ್ಲಕ್ಕಿಂತ ಹೆಚ್ಚಾಗಿ, ಸೀಟಿ ಹೊಡೆಯುತ್ತಿದ್ದೆ. ಹೆಂಗಸು ಸೀಟಿ ಹೊಡೆಯುವುದೆಂದರೇನು ಎಂದು ಮೂಗು ಮುರಿದವರಿಗೂ ಅದು ಕೆಲಸದ ಸೀಟಿ ಎಂದು ಕ್ರಮೇಣ ಅಭ್ಯಾಸವಾಗಿತ್ತು.

ಕೆಲಸ ಹೀಗೆ. ಮುಂದಿನ ಬಂಪರು ಕೂರಿಸುವುದು ಒಬ್ಬರ ಕೈಲಾಗುವ ಕೆಲಸವಲ್ಲ. ಎಲ್ಲ ಬೋಲ್ಟುಗಳನ್ನೂ ಮೊದಲು ಸಡಿಲವಾಗಿ ಸಿಕ್ಕಿಸಿ, ಈ ತುದಿಗೊಬ್ಬರು ಆ ತುದಿಗೊಬ್ಬರು ಕಾರಿನಡಿ ಮಲಗಬೇಕು. ಆಮೇಲೆ ಅತ್ತ ಒಂದು ಸುತ್ತು, ಇತ್ತ ಒಂದು ಸುತ್ತು. "ಒಂದ್ ಕಡೆ ಪೂರ್ತಿ ಬಿಗಿದ್ಯೋ, ಇನ್ನೊಂದು ಕಡೆ ಮುನಿಸ್ಕೊಂಡು ಜೋಲುತ್ತೆ" ಎಂದು ನಮ್ಮವರು ನನಗೆ ಕಲಿಸಿದ ಮೊದಲ ಪಾಠವೇ ಅದು. ಕಾರಿನಡಿ ಮಲಗಿದವರಿಗೆ ಒಬ್ಬರ ಮುಖ ಒಬ್ಬರಿಗೆ ಕಾಣುವುದಿಲ್ಲ. ರಸ್ತೆಯ ಗದ್ದಲದಲ್ಲಿ ಮಾತೂ ಕೇಳುವುದಿಲ್ಲ. ಅದಕ್ಕೇ ಅವರು ತಮ್ಮ ಸುತ್ತು ಮುಗಿಸಿ ಸ್ಪ್ಯಾನರಿನಿಂದ ಕಬ್ಬಿಣಕ್ಕೆ ಟಕ್ ಎಂದು ತಟ್ಟುವರು. ನಾನು ನನ್ನ ಸುತ್ತು ಮುಗಿಸಿ ಸೀಟಿ ಹೊಡೆಯುವೆ. ಟಕ್, ಸೀಟಿ, ಟಕ್, ಸೀಟಿ. ಬಂಪರು ಗೊತ್ತೇ ಆಗದಂತೆ ಮೇಲೇರಿ ತನ್ನ ಜಾಗದಲ್ಲಿ ಕೂರುತ್ತಿತ್ತು. ನಮ್ಮ ಸಂಸಾರದ ಸುಖವೆಲ್ಲ ಆ ಸದ್ದಿನಲ್ಲಿತ್ತು ಎಂದರೆ ಈಗಿನವರು ನಗಬಹುದು.

ತುಟಿ ಜಾರಿದವಳಿಗೆ ಸೀಟಿ ಎಲ್ಲಿಂದ ಬಂದೀತು? ಸೀಟಿಯಿರಲಿ, ತುಟಿ ಕೂಡಿಸಿ ಆಡುವ ಯಾವ ಮಾತೂ ನೆಟ್ಟಗೆ ಬರುತ್ತಿರಲಿಲ್ಲ. ಬಂಪರು ಎನ್ನಲು ಹೋದರೆ ಬರೀ ಗಾಳಿ ಹೊರಡುತ್ತಿತ್ತು. ನಾನು ಮಾತನ್ನೇ ಬಿಟ್ಟೆ. ನಮ್ಮವರು ಮೊದಲೇ ಮಾತಿನಲ್ಲಿ ಜಿಪುಣರು. ಅವರು ತಟ್ಟೆ ತಂದಿಡುವರು, ಕಣ್ಣಿನ ಬಟ್ಟೆ ಒದ್ದೆ ಮಾಡಿ ಕೊಡುವರು, "ಹೊರಗೆ ಬರ್ತೀಯಾ?" ಎನ್ನುವರು. ನಾನು ಗೋಡೆಯ ಕಡೆ ತಿರುಗುತ್ತಿದ್ದೆ. ಅವರು ಎರಡನೆಯ ಸಲ ಕೇಳಿದವರಲ್ಲ.

ಹಳದಿ ಕಾರು ಬಂದದ್ದು ಆಗ. ಅದು ಊರಿನ ಟಾಕೀಸಿನ ಮಾಲೀಕ ರುದ್ರಮುನಿಯದು. ಇಬ್ಬರು ಮಾತ್ರ ಕೂರಬಹುದಾದ, ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗಾದ ಸ್ಪೋರ್ಟ್ಸ್ ಕಾರು. ಊರಿನಲ್ಲಿ ಅಂಥದ್ದು ಅದೊಂದೇ. ಹೊಸ ರಸ್ತೆಯುಬ್ಬಿನ ಮೇಲೆ ಜೋರಾಗಿ ಹತ್ತಿಸಿ ಅದರ ಮೂತಿ ಕಿತ್ತುಕೊಂಡಿದ್ದ. ರುದ್ರಮುನಿಗೆ ಆಗಲೇ ತಲೆ ನರೆತಿತ್ತು, ಮದುವೆಯಾಗಿರಲಿಲ್ಲ. ಕೊನೆಗೂ ಎಲ್ಲೋ ಒಂದು ಸಂಬಂಧ ಕೂಡಿಬಂದಿತ್ತು.

"ಆಚಾರ್ರೇ, ಹೆಣ್ಣು ನೋಡೋಕೆ ಇದ್ರಲ್ಲೇ ಹೋಗ್ಬೇಕು. ಬೇಗ ಮಾಡ್ಕೊಡಿ" ಎಂದು ಅವನು ಹೇಳಿದ್ದು ಕಿಟಕಿಯಿಂದ ಕೇಳಿಸಿತು.

"ಬಂಪರು ಹಿಡ್ಕೊಳ್ಳೋ ಬ್ರಾಕೆಟ್ಟು ಬಗ್ಗಿದೆ ಅಷ್ಟೆ. ಆಗುತ್ತೆ" ಎಂದರು ನಮ್ಮವರು.

ಅಂದು ಸಂಜೆ ಒದ್ದೆಬಟ್ಟೆ ತೆಗೆದು ನೋಡಿದಾಗ ಕಾರಿನ ಮೂತಿ ನೆಟ್ಟಗಿದ್ದ ಹಾಗೆ ಕಂಡಿತು. ಬೆಳಿಗ್ಗೆ ನೋಡಿದರೆ ಎಡಬದಿ ಮತ್ತೆ ಜೋತಿತ್ತು. ಆ ದಿನಗಳಲ್ಲಿ ನನ್ನ ಕಣ್ಣನ್ನು ನಾನೇ ನಂಬುತ್ತಿರಲಿಲ್ಲವಾದ್ದರಿಂದ ಕನಸು ಕಂಡಿರಬೇಕು ಎಂದುಕೊಂಡೆ.

ಆಮೇಲಿನ ಮಧ್ಯಾಹ್ನಗಳೆಲ್ಲ ಒಂದೇ ಥರ. ಬಿಸಿಲು, ಉದುರುವ ಹೂವು, ಕಾರಿನಡಿಯಿಂದ ಚಾಚಿಕೊಂಡ ಅವರ ಕಾಲುಗಳು. ಎಡತುದಿಗೆ ಇಟ್ಟಿಗೆ ಪೇರಿಸಿ, ಬಲತುದಿಯನ್ನು ಗಿರಗಿರನೆ ತಿರುಗಿಸಿ ಪೂರ್ತಿ ಬಿಗಿದುಬಿಡುತ್ತಿದ್ದರು. ಆಮೇಲೆ ಎಡಕ್ಕೆ ಬಂದರೆ ಬಂಪರು ಎಷ್ಟೆತ್ತಿದರೂ ಏಳುತ್ತಿರಲಿಲ್ಲ. ಇಟ್ಟಿಗೆ ತೆಗೆದ ಕೂಡಲೇ ಜೋಲುತ್ತಿತ್ತು. ಎಲ್ಲ ಬಿಚ್ಚುವರು. ಮತ್ತೆ ಬಲತುದಿಯಿಂದಲೇ ಶುರು. ನನಗೆ ಮೈ ಪರಚಿಕೊಳ್ಳುವ ಹಾಗಾಯಿತು. ಸ್ಪ್ಯಾನರು ಹಿಡಿಯುವುದನ್ನು ಮೊನ್ನೆ ಕಲಿತವನೂ ಮಾಡದ ತಪ್ಪನ್ನು, ನನಗೆ ಪಾಠ ಹೇಳಿದ ಮನುಷ್ಯ ದಿನಾ ಮಾಡುತ್ತಿದ್ದರು. ಕಾರಿನ ಆ ಜೋತ ತುಟಿಯೋ, ನೇರ ನನ್ನ ಕಿಟಕಿಯನ್ನೇ ನೋಡುತ್ತಿತ್ತು. ಒಮ್ಮೊಮ್ಮೆ ಅರೆನಿದ್ದೆಯಲ್ಲಿ ಅದೂ ನನ್ನ ಹಾಗೆ ಒಂದು ಕಣ್ಣು ಮುಚ್ಚಲಾರದೆ ಮಲಗಿದೆ ಅನಿಸುತ್ತಿತ್ತು. ಪಾಪ ಎನಿಸಿ, ಮರುಗಳಿಗೆಗೆ ಅವರ ಮೇಲೆ ಸಿಟ್ಟು ಏರುತ್ತಿತ್ತು.

ಎದುರಿನ ಪಂಕ್ಚರ್ ಅಂಗಡಿಯ ಬಾಬಾಜಾನ್ ನೋಡಲಾರದೆ ಎದ್ದು ಬಂದ. "ಆ ಕಡೆ ನಾನ್ ಹಿಡ್ಕೊಳ್ಲಾ, ಅಣ್ಣ?"

"ಬೇಡ."

"ಎರಡ್ ನಿಮಿಷದ ಕೆಲ್ಸ."

"ಬೇಡ ಮಾರಾಯ, ನಿನ್ ಕೆಲ್ಸ ನೋಡ್ಕೋ."

ಬಾಬಾಜಾನ್ ತಲೆ ಕೆರೆದುಕೊಳ್ಳುತ್ತ ವಾಪಸು ಹೋದ. ಈ ಮನುಷ್ಯನಿಗೆ ಏನಾಗಿದೆ ಎಂದು ಮೊದಲ ಸಲ ನನಗೆ ನನ್ನನ್ನು ಬಿಟ್ಟು ಇನ್ನೊಬ್ಬರ ಚಿಂತೆ ಹತ್ತಿತು. ಕೈ ನಡುಗುತ್ತಿದೆಯೋ? ಕಣ್ಣು ಮಂದವಾಯಿತೋ? ನಾನು ಗೋಡೆ ನೋಡುತ್ತ ಮಲಗಿದ್ದಾಗ ಇವರೊಳಗೆ ಏನು ಕಳಚಿತೋ? ಹೊರಗೆ ಹೋಗಿ ಕೇಳಬೇಕು ಎಂದು ಬಾಗಿಲವರೆಗೆ ಬರುತ್ತಿದ್ದೆ. ರಸ್ತೆಯಲ್ಲಿ ಯಾರಾದರೂ ಹೋಗುವುದು ಕಂಡರೆ ಕಾಲು ತಾನಾಗಿ ಹಿಂದಕ್ಕೆ ಬರುತ್ತಿತ್ತು.

ಹಾಗಿರುವಾಗ ರುದ್ರಮುನಿ ಬಂದ. ಇಸ್ತ್ರಿ ಮಾಡಿದ ಅಂಗಿ, ಮುಖದ ತುಂಬ ಸಿಟ್ಟು.

"ಇನ್ನೂ ಹಂಗೇ ಇದ್ಯಲ್ರೀ! ಈ ಸೊಟ್ಟ ಮೂತಿ ಹಾಕ್ಕೊಂಡು ಹೋದ್ರೆ ಯಾರ್ರೀ ಮುಖ ಎತ್ತಿ ನೋಡ್ತಾರೆ?"

ಆ ಮಾತು ಕಾರಿಗೆ ಹೇಳಿದ್ದು. ಗೊತ್ತಿತ್ತು. ಆದರೂ ಮುಚ್ಚದ ಕಣ್ಣಿನಿಂದ ನೀರು ಧಾರೆಯಾಗಿ ಇಳಿಯಿತು.

"ಇವತ್ತು ಆಗ್ಲಿಲ್ಲ ಅಂದ್ರೆ ಗಾಡಿ ಎಳಿಸ್ಕೊಂಡು ಬೇರೆ ಊರಿಗೆ ಹೋಗ್ತೀನಿ. ಆಚಾರ್ರ ಕೈ ಬಿದ್ದೋಯ್ತು ಅಂತ ನಾಲ್ಕು ಜನಕ್ಕೆ ಹೇಳ್ತೀನಿ, ಆಮೇಲೆ ಬೇಜಾರ್ ಮಾಡ್ಕೋಬೇಡಿ."

ನಮ್ಮವರು ಕಿಟಕಿಯ ಕಡೆ ನೋಡಲಿಲ್ಲ. ಚಾಪೆ ಹಾಸಿಕೊಂಡು, ರುದ್ರಮುನಿಯ ಕಣ್ಣೆದುರೇ ಮತ್ತೆ ಬಲತುದಿಯ ಕೆಳಗೆ ಹೋಗಿ ಮಲಗಿ, ಗಿರಗಿರನೆ ಬಿಗಿಯತೊಡಗಿದರು.

ಸೆರಗು ಎಲ್ಲಿತ್ತೋ, ಚಪ್ಪಲಿ ಹಾಕಿದ್ದೆನೋ ಇಲ್ಲವೋ, ನೆನಪಿಲ್ಲ. ಹೊರಗೆ ಬಂದುಬಿಟ್ಟಿದ್ದೆ. ಬಿಸಿಲು ಕಣ್ಣಿಗೆ ಹೊಡೆಯಿತು. ಎದುರಿನ ನಿಲ್ದಾಣದಲ್ಲಿ ಬಸ್ಸಿಗೆ ನಿಂತವರೆಲ್ಲ ತಿರುಗಿದರು.

"ರೀ! ಬುದ್ಧಿ ಇದ್ಯೇನ್ರೀ ನಿಮ್ಗೆ? ಒಂದೇ ಕಡೆ ಬಿಗಿದ್ರೆ ಅದು ಏಳುತ್ತೇನ್ರೀ? ಬಿಚ್ಚಿ ಮೊದ್ಲು! ಪೂರ್ತಿ ಬಿಚ್ಚಿ!"

ತುಟಿ ಕೂಡಿಸುವ ಅಕ್ಷರಗಳೆಲ್ಲ ಗಾಳಿಯಾಗಿ ಹೋದವು. ಬುದ್ಧಿ ಎನ್ನುವುದು ಏನೆಂದು ಕೇಳಿಸಿತೋ ದೇವರಿಗೇ ಗೊತ್ತು. ನಾನು ಲೆಕ್ಕಿಸಲಿಲ್ಲ. ರುದ್ರಮುನಿ ನನ್ನ ಮುಖ ನೋಡಿದ, ತಾನು ಆಗ ಆಡಿದ ಮಾತು ನೆನಪಾಗಿರಬೇಕು, ನಾಲಿಗೆ ಕಚ್ಚಿಕೊಂಡು ಕಾರಿನ ಹಿಂದಕ್ಕೆ ಸರಿದ.

ನಮ್ಮವರು ಕಾರಿನಡಿಯಿಂದ ತಲೆ ಹೊರಗೆ ಹಾಕಿದರು. ಮುಖದ ತುಂಬ ಗ್ರೀಸು. "ಹಾಗಾದ್ರೆ ಆ ಕಡೆ ನೀನ್ ಬಾ" ಎಂದರು, ನಿನ್ನೆ ತಾನೇ ಇಬ್ಬರೂ ಕೆಲಸ ಮಾಡಿದ್ದೆವೇನೋ ಎಂಬಂತೆ.

ಎಡತುದಿಯ ಕಡೆ ಇನ್ನೊಂದು ಚಾಪೆ ಹಾಸಿತ್ತು. ಅದು ಅಲ್ಲಿ ಏಕಿದೆ ಎಂದು ಯೋಚಿಸುವಷ್ಟು ತಾಳ್ಮೆ ನನಗಿರಲಿಲ್ಲ. ಮಲಗಿ ಒಳಗೆ ಸರಿದೆ. ಕಾರಿನಡಿಯ ತಂಪು, ಎಣ್ಣೆಯ ವಾಸನೆ, ಸಂದಿನಿಂದ ಇಣುಕುವ ಬೆಳಕು. ಎಷ್ಟು ದಿನವಾಗಿತ್ತು! ನನ್ನ ಸ್ಪ್ಯಾನರು ಕೈಗೆ ಎಟುಕುವ ಕಡೆಯೇ ಇತ್ತು. ಕತ್ತೆತ್ತಿ ಬ್ರಾಕೆಟ್ಟು ನೋಡಿದೆ.

ಅದರ ಬಾಗು ಆಗಲೇ ಹೋಗಿತ್ತು. ಬಡಿದು ನೆಟ್ಟಗೆ ಮಾಡಿ, ಬೆಸೆದು, ಬಣ್ಣವನ್ನೂ ಹಚ್ಚಿ ಆಗಿತ್ತು. ಬೋಲ್ಟು ಎಲ್ಲಿಗೆ ಬಂದು ನಿಲ್ಲಬೇಕೋ ಆ ಜಾಗಕ್ಕೆ ಸರಿಯಾಗಿ ಸೀಮೆಸುಣ್ಣದ ಒಂದು ಗೆರೆ ಎಳೆದಿತ್ತು. ಕೆಲಸ ಪೂರ್ತಿ ಮುಗಿಸಿ, ಎತ್ತರ ನೋಡಿದ ಮೇಲೆ ನಮ್ಮವರು ಗುರುತಿಗೆಂದು ಎಳೆಯುವ ಗೆರೆ ಅದು. ಅದರ ಮೇಲೆ ಆಗಲೇ ಧೂಳು ಕೂತಿತ್ತು. ಅಂದರೆ ಮೊದಲ ದಿನ ಸಂಜೆ ನಾನು ಕಂಡದ್ದು ಕನಸಾಗಿರಲಿಲ್ಲ. ಅಂದೇ ಮೂತಿ ನೆಟ್ಟಗಾಗಿತ್ತು. ಆಮೇಲೆ ಈ ಮನುಷ್ಯ ದಿನವೂ ತಾವೇ ಬಿಚ್ಚಿ, ನನ್ನ ಕಿಟಕಿಯೆದುರು ಮಲಗಿ, ಊರಿನವರ ಕೈಲಿ ಮಾತು ಕೇಳಿಸಿಕೊಂಡು, ತಮ್ಮ ಹೆಸರನ್ನೇ ಒತ್ತೆಯಿಟ್ಟು, ನನಗೆ ಸಹಿಸಲಾಗದ ಆ ಒಂದು ತಪ್ಪನ್ನೇ ಮಾಡುತ್ತ ಕಾದಿದ್ದರು. ಬಾ ಎಂದು ಬೇಡಲು ಬಾರದ ಮನುಷ್ಯನಿಗೆ ನನ್ನ ಸಿಟ್ಟಿನ ಮೇಲೆ ಎಷ್ಟೊಂದು ಭರವಸೆಯಿತ್ತು!

ಅವರು ಬಲತುದಿಯ ಬೋಲ್ಟನ್ನು ಸಡಿಲಿಸಿ, ಮತ್ತೆ ಒಂದೇ ಸುತ್ತು ಬಿಗಿದರು. ಅತ್ತ ಕಡೆಯಿಂದ ಟಕ್ ಎಂದು ಕೇಳಿಸಿತು.

ನನ್ನ ಸುತ್ತು ತಿರುಗಿಸಿದೆ. ಸೀಟಿ ಹೊಡೆಯಬೇಕು. ಬೆರಳಿನಿಂದ ಎಡತುಟಿಯನ್ನು ಮೇಲಕ್ಕೆ ಎತ್ತಿ ಹಿಡಿದು ಊದಿದೆ. ಫೂ ಎಂದು ಬರೀ ಗಾಳಿ ಹೋಯಿತು, ಪಕ್ಕದಲ್ಲಿದ್ದವರಿಗೂ ಕೇಳುವಂತಿರಲಿಲ್ಲ. ರಸ್ತೆಯಲ್ಲಿ ಆಗಷ್ಟೇ ಬಸ್ಸು ಬಂದು ನಿಂತು ಗುರುಗುಟ್ಟುತ್ತಿತ್ತು.

"ಕೇಳಿಸ್ತು" ಎಂದರು ನಮ್ಮವರು ಅತ್ತ ಕಡೆಯಿಂದ ಗಟ್ಟಿಯಾಗಿ.

ಟಕ್. ಇನ್ನೊಂದು ಸುತ್ತು. ಫೂ.

"ಕೇಳಿಸ್ತು."

ನನ್ನ ಬಲಗಣ್ಣಿನಲ್ಲೂ ನೀರು ಬಂತು, ಅದು ಕಾಯಿಲೆಯದಲ್ಲ. ಟಕ್, ಫೂ, ಕೇಳಿಸ್ತು. ಬಂಪರು ಹೂವಿನಷ್ಟು ಹಗುರಾಗಿ ಏರಿತು. ಬೋಲ್ಟು ಹೋಗಿ ಸೀಮೆಸುಣ್ಣದ ಗೆರೆಯ ಮೇಲೆ ಕೂತಿತು. ಆ ಗೆರೆಯನ್ನು ಹೆಬ್ಬೆರಳಿನಿಂದ ಒರೆಸಿಬಿಟ್ಟೆ. ನಾನು ನೋಡಿದೆ ಎಂದು ಅವರಿಗೆ ತಿಳಿಯುವುದು ಬೇಡ ಎನಿಸಿತು. ಒರೆಸಿದ್ದನ್ನು ಅವರು ನೋಡದೆ ಇದ್ದಿರುತ್ತಾರೆಯೇ ಎಂದು ಈಗ ಅನಿಸುತ್ತದೆ.

ಹೊರಗೆ ಬಂದಾಗ ರುದ್ರಮುನಿ ಬಾನೆಟ್ಟಿನ ಸಂದಿನಲ್ಲಿ ಬೆರಳಾಡಿಸಿ ನೋಡುತ್ತಿದ್ದ. ಬಗ್ಗಿ, ಎದ್ದು, ದೂರ ಹೋಗಿ ನಿಂತು ನೋಡಿದ. ಆಮೇಲೆ ನನ್ನ ಮುಖವನ್ನು ನೇರವಾಗಿ ನೋಡಿ ಹೇಳಿದ:

"ಅಕ್ಕಾ, ನಿಮ್ಮಿಂದಾಗಿ ಒಂದು ಗತಿ ಕಾಣಿಸ್ತು. ಮದ್ವೆ ಗೊತ್ತಾದ್ರೆ ನೀವಿಬ್ರೂ ಮುಂದಿನ ಸಾಲಲ್ಲಿ ಕೂತಿರ್ಬೇಕು, ನೋಡಿ."

"ಉಬ್ಬು ಬಂದಾಗ ನಿಧಾನ ಮಾಡಪ್ಪ" ಎಂದೆ. ಅದೂ ಅರ್ಧ ಗಾಳಿಯಾಗಿಯೇ ಬಂತು. ಅವನು ನಕ್ಕ. ನಾನೂ ನಕ್ಕೆ, ಒಂದೇ ಕಡೆ.

ಕಾರು ಹೊರಟುಹೋಯಿತು. ನಮ್ಮವರು ಚಾಪೆಗಳನ್ನು ಸುತ್ತಿಕೊಂಡು ಶೆಡ್ಡಿನೊಳಗೆ ಹೋದರು. ನಾನು ಒಳಗೆ ಹೋಗಲಿಲ್ಲ. ಹೊಂಗೆಯ ಬುಡದ ಕಲ್ಲಿನ ಮೇಲೆ, ಬಸ್ಸಿಗೆ ಕಾಯುವವರ ಎದುರೇ ಕೂತೆ. ನೆಲದ ತುಂಬ ಹೂವು ಹಾಸಿತ್ತು. ಕಾರು ನಿಂತಿದ್ದ ಜಾಗ ಮಾತ್ರ ಅದರದೇ ಆಕಾರದಲ್ಲಿ ಖಾಲಿಯಾಗಿ ಉಳಿದಿತ್ತು. ನೋಡುತ್ತಿದ್ದಂತೆ ಅಲ್ಲಿಯೂ ಒಂದೊಂದಾಗಿ ಹೂವು ಬೀಳತೊಡಗಿತು. ಒಂದು ನನ್ನ ಎಡಗೆನ್ನೆಯ ಮೇಲೆ ಬಿದ್ದು ಅಲ್ಲೇ ನಿಂತಿತು. ನಾನು ಅದನ್ನು ತೆಗೆಯಲಿಲ್ಲ.

ಶೆಡ್ಡಿನೊಳಗಿನಿಂದ ಟಕ್ ಎಂದು ಒಂದು ಸದ್ದು ಬಂತು. ಬಿಗಿಯಲು ಅಲ್ಲಿ ಏನೂ ಉಳಿದಿರಲಿಲ್ಲ. ನಾನು ಬೆರಳಿನಿಂದ ತುಟಿ ಎತ್ತಿ ಹಿಡಿದು, ಮೆಲ್ಲಗೆ ಊದಿದೆ.