ಮೇಡಂ ಬಿರಾಗೊ ಮಗಳ ತಲೆ

ಬಾಚಣಿಗೆ ಕೈಗೆ ತಗೊಂಡರೆ ಸಾಕು, ನನ್ನ ಕೂದಲು ಮುರಿಯೋಕೆ ಶುರು. ಬುಡಸಮೇತ ಉದುರಿದರೆ ಏನೋ ವಯಸ್ಸಾಯ್ತು ಅಂತ ಸಮಾಧಾನ ಮಾಡಿಕೊಳ್ಳಬಹುದಿತ್ತು. ಇದು ಹಾಗಲ್ಲ, ಮಧ್ಯಕ್ಕೇ ಪಟಪಟ ಅಂತ ತುಂಡಾಗುತ್ತೆ. ದಿಂಬಿನ ಮೇಲೆ ಕೂದಲು, ಕೊರಳಪಟ್ಟಿ ಮೇಲೆ ಕೂದಲು, ಮಕ್ಕಳ ಲೆಕ್ಕದ ಪುಸ್ತಕ ತಿದ್ದೋಕೆ ಕೂತರೆ ಅದರ ಮೇಲೂ ಕೂದಲು. ಹಣೆಯ ಎರಡೂ ಕಡೆ ಬೆರಳಗಲ ಬೋಳಾಗಿದೆ. ಕನ್ನಡಿ ನೋಡೋಕೇ ಬೇಜಾರು.

ಇಷ್ಟಕ್ಕೂ ನಾನು ಯಾರ ಮಗಳು? ಬಂಟಾಮಾದ ದೊಡ್ಡ ರಸ್ತೆಯಲ್ಲಿ ಸಲೂನ್ ಇಟ್ಟಿರೋ ಮೇಡಂ ಬಿರಾಗೊ ಮಗಳು. ಇಡೀ ಕುಮಾಸಿ ಪಟ್ಟಣದಲ್ಲಿ ಅವಳ ಹಾಗೆ ಕೂದಲು ನೆಟ್ಟಗೆ ಮಾಡೋರಿಲ್ಲ ಅಂತ ಅವಳೇ ಹೇಳ್ತಾಳೆ, ಬೇರೆಯವರೂ ಹೇಳ್ತಾರೆ. ಅಂಗಡಿ ಬೋರ್ಡಿನ ಮೇಲೆ ಹೆಗಲವರೆಗೆ ಕೂದಲು ಇಳಿಬಿಟ್ಟುಕೊಂಡು ನಗ್ತಾ ಇರೋ ಹುಡುಗಿ ನಾನೇ. ಪೇಂಟರ್ ಮೂಗನ್ನು ಸ್ವಲ್ಪ ಹಾಳು ಮಾಡಿದಾನೆ, ಕೂದಲನ್ನ ಮಾತ್ರ ಚೆನ್ನಾಗಿ ಬಿಡಿಸಿದಾನೆ.

ಶಾಲೆ ಮುಗಿಯುವವರೆಗೆ ನಮ್ಮ ಕಡೆ ಹೆಣ್ಣುಮಕ್ಕಳ ತಲೆಗಳೆಲ್ಲ ಒಂದೇ ತರ, ಬೆರಳಿಗೆ ಸಿಗದಷ್ಟು ಮೋಟು. ಈಗ ನಾನೇ ಟೀಚರು. ಸಾಲಾಗಿ ನಿಲ್ಲಿಸಿ, ತಲೆ ಮೇಲೆ ಕೈ ಆಡಿಸಿ, "ನಾಳೆ ಕತ್ತರಿಸ್ಕೊಂಡು ಬಾ" ಅನ್ನೋದು ನನ್ನ ಕೆಲಸದಲ್ಲೇ ಸೇರಿದೆ. ನನ್ನ ಶಾಲೆ ಮುಗಿದ ವಾರವೇ ಅಮ್ಮ ನನ್ನನ್ನ ಕುರ್ಚಿಯಲ್ಲಿ ಕೂರಿಸಿ ಮೊದಲ ಸಲ ರಿಲ್ಯಾಕ್ಸರ್ ಕ್ರೀಮು ಹಚ್ಚಿದಳು. ಸುರುಳಿ ಎಲ್ಲ ಬಿಚ್ಚಿಕೊಂಡು ಕೂದಲು ನೀರಿನ ಹಾಗೆ ಇಳಿಯಿತು. ಎಷ್ಟು ಖುಷಿಪಟ್ಟೆ! ಅವತ್ತಿನಿಂದ ಒಂದೂವರೆ ತಿಂಗಳಿಗೊಮ್ಮೆ ಅದೇ ಕ್ರೀಮು, ಅದೇ ವಾಸನೆ, ಅದೇ ಉರಿ.

ಹೋದ ತಿಂಗಳು ಧೈರ್ಯ ಮಾಡಿ ಹೇಳಿದೆ. "ಅಮ್ಮಾ, ಈ ಸಲ ಬೇಡ. ಹಿಂದಿನ ಸಲದ ಗಾಯ ಇನ್ನೂ ಆರಿಲ್ಲ."

"ಕೆರ್ಕೊಂಡಿರ್ತೀಯ," ಅಂದಳು, ಕೈಗೆ ಗ್ಲೌಸ್ ಏರಿಸುತ್ತಾ. "ಕ್ರೀಮು ಹಚ್ಚೋ ವಾರ ತಲೆಗೆ ಉಗುರು ತಾಗಿಸ್ಬೇಡ, ನವೆಯಾದ್ರೆ ಅಂಗೈಯಲ್ಲಿ ತಟ್ಕೋ ಅಂತ ಎಷ್ಟು ಸಲ ಬಡ್ಕೊಳ್ಲಿ?"

"ತಟ್ಕೊಂಡೇ ಇದೀನಿ! ಪಾಠ ಮಾಡ್ತಾ ತಲೆ ತಲೆ ತಟ್ಕೊಳ್ತೀನಿ. ಟೀಚರ್‌ಗೆ ಹುಚ್ಚು ಹಿಡೀತು ಅಂತ ಮಕ್ಕಳು ನಗ್ತಾವೆ."

"ಹಂಗಾದ್ರೆ ರಾತ್ರಿ ತಲೆಗೆ ಬಟ್ಟೆ ಕಟ್ಕೊಳ್ದೆ ಮಲಗ್ತೀಯ."

"ಕಟ್ಕೊಳ್ತೀನಿ."

"ಎಣ್ಣೆ ಹಾಕಲ್ಲ."

"ಹಾಕ್ತೀನಿ!"

"ಹಂಗಾದ್ರೆ ನೀರು ಸರಿಯಿಲ್ಲ."

ನೋಡಿ ಇದು. ನೀರು ಸರಿಯಿಲ್ಲ, ದಿಂಬು ಸರಿಯಿಲ್ಲ, ಮಗಳು ಸರಿಯಿಲ್ಲ. ಆ ಕ್ರೀಮೊಂದೇ ಚಿನ್ನ! ಮೈಯೆಲ್ಲ ಉರಿದುಹೋಯ್ತು. "ಅಮ್ಮಾ, ಪೂರ್ತಿ ಕತ್ತರಿಸ್ಕೊಂಡು, ಹುಟ್ಟಿನಿಂದ ಬಂದ ಸುರುಳಿ ಕೂದಲನ್ನೇ ಬೆಳೆಸೋಣ ಅಂತಿದೀನಿ," ಅಂದುಬಿಟ್ಟೆ.

ಕೆಲಸ ಕಲಿಯೋ ಹುಡುಗಿಯರಿಬ್ಬರೂ ಕೈ ನಿಲ್ಲಿಸಿ ನೋಡಿದರು. ಅಮ್ಮ ಹೋಗಿ ರೇಡಿಯೋ ಜೋರು ಮಾಡಿ ಬಂದು, ನನ್ನ ಕಿವಿ ಹತ್ತಿರ ಬಗ್ಗಿದಳು.

"ಮೂವತ್ತು ದಾಟಿದವಳು ಸ್ಕೂಲು ಹುಡುಗಿ ತರ ಓಡಾಡ್ತೀಯಾ? ಮೇಡಂ ಬಿರಾಗೊ ಮಗಳ ತಲೆನೇ ಹಿಂಗೆ ಅಂದ್ರೆ ಇನ್ನು ನನ್ನ ಕೈಗೆ ಯಾರು ತಲೆ ಕೊಡ್ತಾರೆ, ಹೇಳೇ ಪೋಕುವಾ? ಕತ್ತರಿಸ್ಕೊಂಡ್ಯೋ, ಈ ಅಂಗಡಿ ಮೆಟ್ಟಿಲು ತುಳೀಬೇಡ."

ಅವಳು ಸುಮ್ಮನೆ ಹೆದರಿಸೋ ಪೈಕಿ ಅಲ್ಲ. ಸ್ವಂತ ತಂಗಿ ಜೊತೆ ಒಂದು ಹೊಲಿಗೆ ಮಿಷನ್ ವಿಷಯಕ್ಕೆ ಮಾತು ಬಿಟ್ಟವಳು ಇವತ್ತಿಗೂ ಮಾತಾಡಿಸಿಲ್ಲ. ಮುದ್ದು ಮಾಡೋ ಪೈಕಿಯಂತೂ ಅಲ್ಲವೇ ಅಲ್ಲ. ಅವಳ ಕೈ ನನ್ನ ಮೈ ಮುಟ್ಟೋದು ತಲೆ ಮೇಲೆ ಮಾತ್ರ, ಅದೂ ಆ ಕುರ್ಚಿಯಲ್ಲಿ ಕೂತಾಗ ಮಾತ್ರ. ಉರಿದರೂ ಸುಟ್ಟರೂ ಆ ಹೊತ್ತು ಅವಳು ನನ್ನವಳು. ಅದನ್ನ ಕಳಕೊಳ್ಳೋ ಧೈರ್ಯ ನನಗೆ ಇರಲಿಲ್ಲ. ತೆಪ್ಪಗೆ ತಲೆ ಕೊಟ್ಟೆ.

ಎರಡು ವಾರ ಆದಮೇಲೆ ಸ್ನಾನ ಮಾಡುವಾಗ ನೆತ್ತಿಯ ಹಿಂದಿನ ಒಂದು ಹಿಡಿ ಕೂದಲು ಹಾಗೇ ಕೈಗೆ ಬಂತು. ಅದನ್ನ ಹಿಡ್ಕೊಂಡು ಬಚ್ಚಲಲ್ಲೇ ಕೂತು ಅತ್ತೆ. ಅಳು ಮುಗಿದ ಮೇಲೆ ಬಂದಿದ್ದು ಬರೀ ಸಿಟ್ಟು. ಸಾಕಪ್ಪಾ ಸಾಕು! ಕ್ಷೌರದ ಕೂದಲು ಅಂಟಿದರೂ ಕಾಣಬಾರದು ಅಂತ ಒಂದು ಕಪ್ಪು ಬಟ್ಟೆ ಸಿಕ್ಕಿಸ್ಕೊಂಡು, ಗಂಡಸರ ಕ್ಷೌರದಂಗಡಿ ಇಟ್ಟಿರೋ ನಾಶಿರು ಹತ್ತಿರ ಹೋದೆ. ಹೆಂಗಸರ ಸಲೂನಿಗೆ ಹೋದರೆ ಹತ್ತು ನಿಮಿಷದಲ್ಲಿ ಅಮ್ಮನಿಗೆ ಸುದ್ದಿ ಮುಟ್ಟುತ್ತೆ.

"ಪೂರ್ತಿ ತೆಗೀಬೇಕಾ ಅಕ್ಕ?" ಅಂದ ನಾಶಿರು, ನನ್ನ ಕೆಂಪು ಕಣ್ಣು ನೋಡಿ.

"ಪೂರ್ತಿ."

ಮುಗಿದ ಮೇಲೆ ದುಡ್ಡು ಕೊಡೋಕೆ ಹೋದರೆ ಎರಡೂ ಕೈ ಹಿಂದಕ್ಕೆ ತಗೊಂಡ. "ಬೇಡ ಅಕ್ಕ, ಇಂಥ ಹೊತ್ತಲ್ಲಿ ದುಡ್ಡಾ? ಧೈರ್ಯ ತಗೊಳ್ಳಿ," ಅಂದ. ಎಂಥಾ ಒಳ್ಳೆ ಹುಡುಗ, ಹೆಂಗಸರ ಕಷ್ಟ ಅರ್ಥ ಆಗುತ್ತೆ ಇವನಿಗೆ ಅಂದ್ಕೊಂಡೆ. ಹೊರಗೆ ಬಂದರೆ ತಲೆಗೆ ತಣ್ಣನೆ ಗಾಳಿ ಬಡೀತು. ಆಹಾ, ಏನು ಸುಖ!

ಆ ಸುಖ ಕೆಂಕಿ ಅನ್ನೋ ಜೋಳದ ಕಡುಬು, ಹುರಿದ ಮೀನು ಮಾರೋ ತಿವಾ ಅತ್ತೆಯ ಮೂಲೆ ಮುಟ್ಟೋವರೆಗೆ ಮಾತ್ರ. ಅವಳು ನನ್ನ ತಲೆ ನೋಡಿದಳು, ಬಟ್ಟೆ ನೋಡಿದಳು, ಕೈಲಿದ್ದ ಸೌಟು ಬಿಟ್ಟು ಎರಡೂ ಕೈ ನೆತ್ತಿ ಮೇಲೆ ಇಟ್ಕೊಂಡಳು.

"ಅಯ್ಯೋ, ಬಿರಾಗೋ! ಬೆಳಗ್ಗೆ ತಾನೇ ನನ್ನ ಹತ್ರ ಮೀನು ತಗೊಂಡು ಹೋದ್ಯಲ್ಲೇ!"

ಆಗ ಹೊಳೀತು ನನಗೆ. ಶನಿವಾರ. ಊರಿಗೆ ಊರೇ ಕಪ್ಪು ಕೆಂಪು ಉಟ್ಟುಕೊಂಡು ಸಾವಿನ ಮನೆಗಳಿಗೆ ಹೋಗೋ ದಿನ. ತಾಯಿ ಸತ್ತರೆ ಮಕ್ಕಳು ತಲೆ ಬೋಳಿಸೋದು ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ? ನನ್ನ ದರಿದ್ರ ಬುದ್ಧಿಗೆ ಮಾತ್ರ ಗೊತ್ತಾಗಲಿಲ್ಲ.

"ಅತ್ತೆ, ಅಮ್ಮ ಸತ್ತಿಲ್ಲ! ಗಟ್ಟಿಯಾಗಿದಾಳೆ!"

"ಪಾಪ, ನಂಬೋಕೇ ಆಗ್ತಿಲ್ಲ ಕೂಸಿಗೆ," ಅಂತ ಪಕ್ಕದವಳಿಗೆ ಹೇಳಿ ನನ್ನನ್ನ ಎದೆಗೊತ್ತಿಕೊಂಡಳು. "ಅತ್ತುಬಿಡು ಕಂದ, ಒಳಗೆ ಇಟ್ಕೋಬೇಡ."

"ಅಳೋಕೇನಿದೆ? ಕೂದಲು ಮುರೀತಿತ್ತು, ತೆಗೆಸ್ದೆ!"

"ಅಳು, ಅಳು."

ಅವಳ ತೋಳಿಂದ ಬಿಡಿಸಿಕೊಳ್ಳೋದೇ ದೊಡ್ಡ ಸಾಹಸವಾಯ್ತು. ಅಷ್ಟರಲ್ಲಿ ಸುದ್ದಿ ನನಗಿಂತ ಮುಂದೆ ಓಡಿತ್ತು. ನಾನು ಓಡುತ್ತಾ ಸಲೂನ್ ಹತ್ತಿರ ಬಂದರೆ ಬಾಗಿಲಲ್ಲಿ ಜನವೋ ಜನ. ಬೇರೆ ಸಾವಿಗೆ ಹೊರಟಿದ್ದ ಚರ್ಚಿನ ಹೆಂಗಸರು ದಾರಿ ತಿರುಗಿಸಿ ಇಲ್ಲಿಗೇ ಬಂದಿದ್ದರು. ಒಬ್ಬಳು ಸಾವಿಗೆ ಬಂದವರಿಗೆ ಕುಡಿಯೋಕೆ ಅಂತ ನೀರಿನ ಪ್ಯಾಕೆಟ್ಟಿನ ಮೂಟೆಯನ್ನೇ ಹೊತ್ತು ತಂದಿದ್ದಳು. ನಮ್ಮಮ್ಮ ಮೆಟ್ಟಿಲ ಮೇಲೆ ಗ್ಲೌಸ್ ಹಾಕಿದ ಕೈಯಲ್ಲೇ ಬಾಚಣಿಗೆ ಹಿಡಿದು ನಿಂತು ಕೂಗಾಡ್ತಾ ಇದ್ದಳು.

"ಯಾವಳ್ರೇ ನಾನು ಸತ್ತೆ ಅಂದಿದ್ದು? ಮುಂದೆ ಬರ್ಲಿ! ಏಯ್, ನೀನು ಯಾಕೆ ಅಷ್ಟು ಬೇಗ ಕಣ್ಣು ಒರೆಸ್ಕೊಂಡೆ? ಇನ್ನೊಂದು ಸ್ವಲ್ಪ ಅತ್ತಿದ್ರೆ ಏನ್ ಹೋಗ್ತಿತ್ತು? ಆ ನೀರು ಇಲ್ಲೇ ಇಟ್ಟು ಹೋಗು!"

ಆಗ ಅವಳ ಕಣ್ಣಿಗೆ ನಾನು ಬಿದ್ದೆ. ಬಾಚಣಿಗೆ ಹಿಡಿದ ಕೈ ಕೆಳಗಿಳಿಯಿತು. ಹೆಂಗಸರೆಲ್ಲ ಒಬ್ಬೊಬ್ಬರಾಗಿ ಜಾರಿಕೊಂಡರು. ನಾನು ಮೆಟ್ಟಿಲ ಕೆಳಗೇ ನಿಂತೆ. ಮೇಲೆ ಕಾಲಿಡೋ ಹಾಗಿಲ್ಲವಲ್ಲ. ಹೋಗು ಅಂದರೆ ಮುಗೀತು, ಈ ಮನುಷ್ಯೆ ಮತ್ತೆ ಕರೆಯೋದಿಲ್ಲ.

"ಯಾರು ಮಾಡಿದ್ದು?" ಅಂದಳು.

"ನಾಶಿರು."

"ಅವನ ಕೈ ಸೇದಿಹೋಗ! ಕತ್ತಿನ ಹಿಂದೆಲ್ಲ ಸೊಟ್ಟ." ಇಳಿದು ಬಂದು ನನ್ನ ರಟ್ಟೆ ಹಿಡಿದು ಎಳಕೊಂಡೇ ಮೆಟ್ಟಿಲು ಹತ್ತಿಸಿದಳು. ಕುರ್ಚಿಯಲ್ಲಿ ಕುಕ್ಕಿದಳು. ಸರಿಮಾಡೋಕೆ ಅಂತ ತಲೆಯನ್ನ ಬೆಳಕಿಗೆ ಬಗ್ಗಿಸಿದಳು. ಅಲ್ಲಿಗೆ ಕೈ ನಿಂತಿತು.

ಕೂದಲಿದ್ದಾಗ ಯಾರಿಗೂ ಕಾಣದ್ದೆಲ್ಲ ಈಗ ಕಾಣುತ್ತಿತ್ತು. ಹಸಿ ಗಾಯ, ಹೊಪ್ಪಳೆ ಕಟ್ಟಿದ್ದು, ಇನ್ನೆಂದೂ ಕೂದಲು ಹುಟ್ಟದ ನುಣ್ಣನೆಯ ಹಳೇ ಕಲೆಗಳು. ಅಮ್ಮ ಗ್ಲೌಸ್ ತೆಗೆದು ಬರಿ ಬೆರಳಲ್ಲಿ ಮುಟ್ಟಿದಳು.

"ಇದು ಯಾವತ್ತಿಂದು?"

"ಈಸ್ಟರ್ ಟೈಮಲ್ಲಿ."

"ಇದು?"

"ನಾನು ಟ್ರೈನಿಂಗ್ ಕಾಲೇಜಲ್ಲಿದ್ದಾಗ."

"ಇದು?"

"ಎಲ್ಲ ನೆನಪಿಟ್ಕೊಳ್ಳೋಕಾಗುತ್ತಾ ಅಮ್ಮ?"

"ಹೇಳ್ಬೇಕಿತ್ತು ನನಗೆ."

ಅಷ್ಟು ಹೊತ್ತು ತಡ್ಕೊಂಡಿದ್ದೆಲ್ಲ ಕಿತ್ಕೊಂಡು ಬಂತು. "ಹೇಳ್ದೆ! ಪ್ರತಿ ಸಲ ಹೇಳ್ದೆ! ಉರೀತಿದೆ ಅಮ್ಮ, ತೊಳಿ ಅಮ್ಮ ಅಂತ ಕಿರುಚ್ದೆ! ಇನ್ನೊಂದೈದು ನಿಮಿಷ, ನೆಟ್ಟಗಾಗ್ಬೇಕು ಅಂದ್ಯಲ್ಲಾ! ಈಗ ಹೇಳ್ಬೇಕಿತ್ತಾ?"

ಹುಡುಗಿಯರು ಸದ್ದಿಲ್ಲದೆ ಹಿತ್ತಲಿಗೆ ಹೋದರು. ಕನ್ನಡಿಯಲ್ಲಿ ನೋಡಿದೆ, ಅಮ್ಮನ ಮುಖ ಪೂರ್ತಿ ಇಳಿದುಹೋಗಿತ್ತು. ಅವಳು ಮೂಗು ಏರಿಸಿಕೊಂಡು, "ಈಗಲೇ ಬೋಳಿಸ್ಕೊಂಡು ಕೂತಿದೀಯ. ನಾನು ನಿಜವಾಗ್ಲೂ ಸತ್ತ ದಿನ ಏನನ್ನ ಬೋಳಿಸ್ತೀಯೇ?" ಅಂದಳು.

"ಬೆಳೆಯೋವರೆಗೂ ಬದುಕಿರು. ಅಷ್ಟು ಮಾಡೋಕಾಗಲ್ವಾ ನಿನ್ನ ಕೈಲಿ?"

ಅಮ್ಮ ಶಿಯಾ ಬೀಜದ ಬೆಣ್ಣೆಯ ಡಬ್ಬಿ ತೆಗೆದು, ಅಂಗೈಯಲ್ಲಿ ಉಜ್ಜಿ ಕರಗಿಸಿ, ಹಣೆಯಿಂದ ಶುರು ಮಾಡಿ ಮೆಲ್ಲಗೆ ಸವರುತ್ತಾ ಬಂದಳು. ನೆತ್ತಿ ಹಿಂದಿನ ಗಾಯದ ಹತ್ತಿರ ಬಂದಾಗ ನಾನು ಹಲ್ಲು ಕಚ್ಚಿದೆ.

"ಅಲ್ಲಿ ನೋಯುತ್ತೆ ಅಮ್ಮ," ಅಂದೆ.

ಅಮ್ಮ ತಕ್ಷಣ ಕೈ ತೆಗೆದಳು.