ಮಗ್ಗದವನ ಕೊಂಡಿ

ಇಳಕಲ್ಲಿನ ಇಂಗ್ಲಿಷ್ ಶಾಲೆಯಲ್ಲಿ ಮಗ್ಗದ ಕ್ಲಾಸು ಶುರುವಾಗಿ ವರ್ಷ ತುಂಬಿತ್ತು. ಆಗ ಸಾವಿರದ ಒಂಬೈನೂರ ಹನ್ನೆರಡನೆಯ ಇಸವಿ. ಕಲಿತ ಹುಡುಗರೆಲ್ಲ ಕಾರಕೂನಿಕೆಗಾಗಿ ಕಚೇರಿ ಕಟ್ಟೆ ಕಾಯುವುದನ್ನು ನೋಡಿ ರೋಸಿಹೋದ ಹೆಡ್‌ಮಾಸ್ತರ ಪಂಢರೀನಾಥರಾಯರು ನೇಕಾರ ಅಹ್ಮದಸಾಬನ ಮನೆಗೇ ಹೋಗಿ ಅವನನ್ನು ಕರೆತಂದಿದ್ದರು. ಅವನಿಗೆ ಓದು ಬರಹ ಬಾರದು. ಆದರೆ ಸೀರೆಯ ಒಡಲಿನ ನೂಲಿಗೂ ಸೆರಗಿನ ರೇಷ್ಮೆಗೂ ಎಳೆಗೆ ಎಳೆ ಕೊಂಡಿ ಹಾಕುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಹಾಗಂತ ಅವನೇ ಹೇಳಿಕೊಳ್ಳುತ್ತಿದ್ದ; ಸುಳ್ಳೇನಲ್ಲ.

ಹುಡುಗರು ಅವನನ್ನು ಕಾಕಾ ಎನ್ನುತ್ತಿದ್ದರು. ಉಳಿದ ಮಾಸ್ತರರು ಹಜೇರಿ ಪುಸ್ತಕದಲ್ಲಿ ‘ಮಗ್ಗದವ’ ಎಂದು ಬರೆದು ಕೈ ತೊಳೆದುಕೊಂಡಿದ್ದರು. ಅದು ಅವನಿಗೆ ಚುಚ್ಚುತ್ತಿತ್ತು. ಹೆಂಡತಿ ಹುಸೇನಬಿಯ ಮುಂದೆ ಬಿಟ್ಟರೆ ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ.

ಒಂದು ದಿನ ಧಾರವಾಡದಿಂದ ಇನ್ಸ್‌ಪೆಕ್ಟರ ಸಾಹೇಬರು ಬಂದರು. ಇದು ಶಾಲೆಯೋ ನೇಕಾರರ ಓಣಿಯೋ ಎಂದು ಮೂಗು ಮುರಿದರು. ಅವರು ವರದಿಗೆ ಸಹಿ ಹಾಕದಿದ್ದರೆ ಕ್ಲಾಸು ಮುಚ್ಚುತ್ತಿತ್ತು. ಮುಂಬಯಿಯ ಕೈಗಾರಿಕಾ ಶಾಲೆಗೆ ಹೋಗಬೇಕೆಂದಿದ್ದ, ಅದೇ ಕ್ಲಾಸಿನ ಹುಡುಗ ಮಧುಸೂದನನ ದಾರಿಯೂ ಮುಚ್ಚುತ್ತಿತ್ತು. ಕೈಯ ಕಸುಬು ತಲೆಗೂ ಹತ್ತಿದೆಯೇ ನೋಡೋಣ ಎಂದು ಸಾಹೇಬರು ಆ ಹುಡುಗನಿಗೇ ಕೊಂಡಿಯ ಚಿತ್ರ ಬರೆಯಲು ಹೇಳಿದರು.

ದಿನವೂ ಮಗ್ಗದ ಮೇಲೆ ಸರಿಯಾಗಿ ಕೊಂಡಿ ಹಾಕುವ ಹುಡುಗ, ಸುಣ್ಣದ ಖಡು ಕೈಗೆ ಬಂದೊಡನೆ ಬಾಯಿಪಾಠ ಮಾಡಿದ್ದ ನೇಯ್ಗೆಯ ಇಂಗ್ಲಿಷ್ ಪುಸ್ತಕದ ಚಿತ್ರವನ್ನೇ ಹಲಗೆಯ ಮೇಲೆ ಇಳಿಸಿದ. ಸಾಹೇಬರು ಪುಸ್ತಕ ತೆರೆದು ತಾಳೆ ನೋಡಿ ತಲೆದೂಗಿದರು. ಪಂಢರೀನಾಥರಾಯರಿಗೆ ಹೋದ ಜೀವ ಬಂದಂತಾಯಿತು.

ಅಹ್ಮದಸಾಬನಿಗೆ ಮಾತ್ರ ನಿಂತಲ್ಲಿ ನಿಲ್ಲಲಾಗಲಿಲ್ಲ. ಸುಮ್ಮನಿದ್ದರೆ ಕ್ಲಾಸು ಉಳಿಯುತ್ತದೆ, ಅದು ಅವನಿಗೂ ಗೊತ್ತು. ಆದರೆ ತಪ್ಪು ಕೊಂಡಿಯನ್ನು ನೋಡಿ ಸುಮ್ಮನಿರುವುದು ಅವನ ಹುಟ್ಟಿನಲ್ಲೇ ಇರಲಿಲ್ಲ.

“ಅದು ಕೊಂಡಿ ಅಲ್ಲಪಾ ಮಧು. ಎಳಿ ಒಳಗ ಹೊಕ್ಕಿಲ್ಲ, ಮ್ಯಾಲೆ ಹಾಯ್ದೈತಿ.”

“ಪುಸ್ತಕದಾಗ ಹಿಂಗ ಅದರಿ, ಕಾಕಾ.”

“ಅಚ್ಚಾದ ಪುಸ್ತಕ ತಪ್ಪಂತೀಯೇನು ನೀನು?” ಎಂದರು ಸಾಹೇಬರು.

“ನನಗ ಓದಾಕ ಬರಂಗಿಲ್ರಿ. ನೀವ ಜಗ್ಗಿ ನೋಡ್ರಿ.”

ಮಧುಸೂದನ ಮಗ್ಗದಲ್ಲಿ ಕುಳಿತು ಚಿತ್ರದಂತೆಯೇ ಹತ್ತು ಎಳೆ ಜೋಡಿಸಿದ. ಸಾಹೇಬರು ಎರಡು ಬೆರಳಿನಿಂದ ಜಗ್ಗಿದ್ದೇ ತಡ, ರೇಷ್ಮೆಯಷ್ಟೂ ಅವರ ಕೈಗೆ ಬಂತು. ಹುಡುಗ ನಾಚಿಕೊಂಡು, ಕಾಕಾ ಕಲಿಸಿದಂತೆ ಮತ್ತೆ ಹತ್ತು ಕೊಂಡಿ ಹಾಕಿದ. ಈ ಸಲ ಸಾಹೇಬರು ರುಮಾಲು ಸರಿಪಡಿಸಿಕೊಂಡು ಎರಡೂ ಕೈಯಿಂದ ಜಗ್ಗಿದರು. ಮಗ್ಗ ಕಿರುಗುಟ್ಟಿತು, ಕೊಂಡಿ ಬಿಡಲಿಲ್ಲ.

ಸಾಹೇಬರು ಕೆಟ್ಟವರೇನಲ್ಲ, ಬರೀ ಪುಸ್ತಕದವರು. ಪುಸ್ತಕ ಅಚ್ಚುಮಾಡಿದವರಿಗೆ ಈ ತಪ್ಪನ್ನು ತಿಳಿಸಿ ಇಂಗ್ಲಿಷಿನಲ್ಲೇ ಕಾಗದ ಹಾಕು ಎಂದು ಹುಡುಗನಿಗೆ ಹೇಳಿದರು. ಅವನು ಅಲ್ಲೇ ಬರೆದು, ಎದ್ದುನಿಂತು ಓದಿದ. ಕೇಳಿದ ಮೇಲೆ ಸಾಹೇಬರು ಕ್ಲಾಸಿನ ವರದಿಗೆ ಸಹಿ ಹಾಕಿದರು.

ಅಹ್ಮದಸಾಬನಿಗೆ ಆ ಕಾಗದದಲ್ಲಿ ಎರಡೇ ಶಬ್ದ ತಿಳಿದಿದ್ದವು. ಒಂದು ಅವನ ಹೆಸರು. ಇನ್ನೊಂದನ್ನು ಸರಿಯಾಗಿ ಕೇಳಿದೆನೋ ಇಲ್ಲವೋ ಎಂದು ಅವನಿಗೆ ಅನುಮಾನವಿತ್ತು. ಎಲ್ಲರೂ ಹೊರಗೆ ಹೋದ ಮೇಲೆ ಹುಡುಗನ ಹತ್ತಿರ ಬಂದು ಕಾಗದದ ಒಂದು ಶಬ್ದದ ಮೇಲೆ ಬೆರಳಿಟ್ಟ.

“ಇದು ನನ್ನ ಹೆಸರೇನಪಾ?”

“ಅಲ್ರಿ. ಹೆಸರು ಅದರ ಮುಂದ ಅದ,” ಎಂದ ಮಧುಸೂದನ. “ಅದು ‘ಮಾಸ್ತರ’ ಅಂತರಿ, ಮಾಸ್ತರ.”

ಅಹ್ಮದಸಾಬ ಹೆಸರಿನ ಕಡೆ ನೋಡಲಿಲ್ಲ. ಬೆರಳನ್ನು ಅಲ್ಲೇ ಇಟ್ಟುಕೊಂಡು ನಿಂತ.